ಸಂಕಕ್ಕೊಂದು ಸಮಿತಿ

ನಲವತ್ತೆರಡನೇ ವಯಸ್ಸಿನಲ್ಲಿ ನಾನು ಪುತ್ತೂರಿನ ಕಾಲೇಜೊಂದಕ್ಕೆ ಎಂಎಸ್‌ಡಬ್ಲ್ಯೂ ಓದಲು ಸೇರಿದೆ. ಸಮುದಾಯ ನಾಯಕತ್ವ ಎಂಬ ವಿಷಯದ ಬಗ್ಗೆ ನನಗೆ ಎಳ್ಳಷ್ಟೂ ಹೆದರಿಕೆ ಇರಲಿಲ್ಲ. ಅತ್ತೆ, ಗಂಡ, ಇಬ್ಬರು ಮಕ್ಕಳನ್ನು ಹದಿನೆಂಟು ವರ್ಷ ಸುಧಾರಿಸಿದವಳಿಗೆ ಒಂದು ಊರು ಯಾವ ಲೆಕ್ಕ!

ಕ್ಷೇತ್ರಕಾರ್ಯಕ್ಕೆ ಸಿಕ್ಕಿದ್ದು ಪೆರಾಬೆ ಕಡೆಯ ಒಂದು ಸಣ್ಣ ಊರು. ಮಕ್ಕಳು ತೋಡು ದಾಟಿ ಶಾಲೆಗೆ ಹೋಗುವ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಅಲ್ಲಿ ಮುರಿದಿತ್ತು. ಮಳೆ ಹಿಡಿಯುವ ಮೊದಲು ಊರವರೇ ಸೇರಿ ಹೊಸ ಸಂಕ ಹಾಕುವಂತೆ ನಾನು ಸಂಘಟಿಸಬೇಕು. ಆಗದಿದ್ದರೆ ನನ್ನ ಒಂದು ವರ್ಷ ಹೋಯಿತೆಂದು ನಮ್ಮ ಮೇಡಂ ನಗುನಗುತ್ತಲೇ ಹೇಳಿದ್ದರು.

ಮೊದಲ ಸಭೆಗೆ ಇಬ್ಬರು ಬಂದರು. ಅವರಲ್ಲಿ ಒಬ್ಬರು ಬಸ್ಸು ಬರುವವರೆಗೆ ನೆರಳಿಗೆ ನಿಂತವರು.

ಮನೆಗೆ ಬಂದು ಅಳುವುದೊಂದು ಬಾಕಿ. ಗಂಡ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು: "ಆಮಂತ್ರಣದಲ್ಲಿ ಹೆಸರಿಲ್ಲದೆ ಯಾರು ಬರುದು ಮಾರಾಯ್ತಿ? ಹೆಸರು ಹಾಕು, ಓಡಿಕೊಂಡು ಬರ್ತಾರೆ."

ಹಾಕಿದೆ! ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಆರು ಮಂದಿ ಉಪಾಧ್ಯಕ್ಷರು, ಉಳಿದವರೆಲ್ಲ ಸಲಹೆಗಾರರು. ಮನೆಗೊಂದು ಹುದ್ದೆ. ಯಾರಿಗೂ ಬೇಸರ ಆಗಬಾರದಲ್ಲ! ಬಣ್ಣದ ಆಮಂತ್ರಣ ಹಿಡಿದು ಮನೆಮನೆಗೆ ಹೋಗಿ ಕೊಟ್ಟು ಬಂದೆ.

ಭಾನುವಾರ ಎಲ್ಲರೂ ಬಂದರು. ಬಿಳಿ ಪಂಚೆ, ಇಸ್ತ್ರಿ ಅಂಗಿ, ಬಂದವರೇ ಸೀದಾ ಅಂಗನವಾಡಿಯ ಜಗಲಿಗೆ ಹತ್ತಿದರು. ಜಗಲಿಯೇ ನಮ್ಮ ವೇದಿಕೆ. ಇಪ್ಪತ್ತಾರು ಜನ ಅದರ ಮೇಲೆ ಒತ್ತೊತ್ತಾಗಿ ಕುಳಿತರು. ಅಂಗಳದ ಬಾಡಿಗೆ ಕುರ್ಚಿಗಳಲ್ಲಿ ಮಾತ್ರ ಒಂದು ನರಪಿಳ್ಳೆ ಇಲ್ಲ!

ಅಷ್ಟರಲ್ಲಿ ಮೇಡಂ ಬಂದು ಮುಂದಿನ ಸಾಲಿನಲ್ಲಿ ಕುಳಿತು, ಹಿಂದೆ ತಿರುಗಿ ನೋಡಿದರು.

"ಸಭಿಕರು ಎಲ್ಲಿ?"

"ವೇದಿಕೆಯಲ್ಲಿದ್ದಾರೆ ಮೇಡಂ."

ಸ್ವಾಗತ ಶುರುವಾಯಿತು. ಇಪ್ಪತ್ತಾರು ಜನರಿಗೂ ಹೂ ಕೊಡಬೇಕು, ಪ್ರತಿ ಹೂವಿಗೂ ಚಪ್ಪಾಳೆ ಬೇಕು. ತಟ್ಟುವವರು ಮೇಡಂ ಒಬ್ಬರೇ. ಒಂದು ಗಂಟೆಯಾದರೂ ಸಂಕದ ಸುದ್ದಿಯಿಲ್ಲ. ಮೇಡಂ ಅಂಗೈ ಉಜ್ಜಿಕೊಳ್ಳುತ್ತಿದ್ದರು. ನನ್ನ ವರ್ಷ ಹೋದದ್ದು ಖಾತ್ರಿ!

ಆಗ ಅಂಗನವಾಡಿಯ ಅಡುಗೆಯ ಗಿರಿಜಕ್ಕ ಚಾ ತಂದರು. ಸಲಹೆಗಾರರ ಪಟ್ಟಿಯಲ್ಲಿ ಅವರನ್ನು ಮರೆತೇ ಬಿಟ್ಟಿದ್ದೆ. ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ.

"ಎಂತ ಮಾರಾಯ್ರೆ ಇದು? ಎಲ್ಲ ಕೆಳಗೆ ಇಳೀರಿ. ಇಲ್ಲದಿದ್ರೆ ಚಾ ಇಲ್ಲ!"

ಇಡೀ ಸಮಿತಿ ಇಳಿದು ಅಂಗಳದಲ್ಲಿ ಕುಳಿತಿತು. ಗಿರಿಜಕ್ಕ ಲೋಟ ಕೊಡುತ್ತಾ ಕೇಳಿದರು: "ಅಧ್ಯಕ್ಷರೇ, ನಿಮ್ಮಲ್ಲಿ ಗಾಳಿಗೆ ಬಿದ್ದ ಅಡಿಕೆ ಮರ ಉಂಟಲ್ಲ, ನಾಲ್ಕು ಕೊಡುದಾ?"

"ಕೊಡುವ."

"ಹಗ್ಗ ಯಾರದ್ದು? ಬರುವ ಆದಿತ್ಯವಾರ ಬೆಳಿಗ್ಗೆ ಎಲ್ಲ ಬರುದಲ್ವಾ? ಗಂಜಿ ನಾನು ಬೇಯಿಸ್ತೇನೆ."

ಚಾ ಮುಗಿಯುವಷ್ಟರಲ್ಲಿ ಎಲ್ಲ ತೀರ್ಮಾನವಾಯಿತು! ಮೇಡಂ ಒಂದೊಂದನ್ನೂ ಬರೆದುಕೊಂಡರು. ನನಗೆ ಹೋದ ಜೀವ ಬಂದ ಹಾಗಾಯಿತು, ಗಿರಿಜಕ್ಕನ ಕಾಲಿಗೆ ಬೀಳಲೂ ತಯಾರಿದ್ದೆ.

"ಒಳ್ಳೆಯ ಸಭೆ," ಎಂದರು ಮೇಡಂ. "ಇದರಲ್ಲಿ ನಿಮ್ಮ ಪಾತ್ರ ಏನು?"

ನಾನು ಗಂಟಲು ಸರಿಮಾಡಿಕೊಳ್ಳುವ ಮೊದಲೇ ಗಿರಿಜಕ್ಕ ಹೇಳಿದರು: "ಇವರಾ? ಪಾಪ, ಲೋಟ ತೊಳೀಲಿಕ್ಕೆ ನಿಲ್ತಾರೆ."

ನಿಂತೆ, ತೊಳೆದೆ. ಮುಂದಿನ ಭಾನುವಾರ ಹೊಸ ಸಂಕವೂ ಆಯಿತು, ಸಮುದಾಯ ನಾಯಕತ್ವದಲ್ಲಿ ನಾನು ಪಾಸೂ ಆದೆ. ಲೋಟಗಳನ್ನು ಮಾತ್ರ ಗಿರಿಜಕ್ಕ ಇನ್ನೊಮ್ಮೆ ತೊಳೆದರು.