ನನ್ನ ಪಿಯಾನೋ, ನಮ್ಮೂರ ಕಿವಿ

ಶಿಕಾರಿಪುರದಲ್ಲಿ ಪಿಯಾನೋ ಇಟ್ಟುಕೊಂಡು ಅದರಲ್ಲಿ ತತ್ವಶಾಸ್ತ್ರ ನುಡಿಸಲು ಹೊರಟವನಿಗೆ ಪೇಚಿನ ಪ್ರಸಂಗಗಳಿಗೇನೂ ಬರವಿಲ್ಲ. ನನ್ನದು ಒಂದೇ ಆಸೆ: ನನ್ನ ಒಂದು ಕೃತಿಯನ್ನಾದರೂ ಜನ ಕೊನೆಯವರೆಗೆ ಕೇಳಬೇಕು. ಅದಕ್ಕಾಗಿ ಪಟ್ಟ ಪಾಡು ನೋಡಿ.

ರಿಪೇರಿ

‘ನಾನು ಯಾರು?’ ಎಂಬ ಪ್ರಶ್ನೆಯ ಮೇಲೆ ಕೃತಿ ಕಟ್ಟುತ್ತಿದ್ದೆ. ನಾದ ಒರಟಾಗಿರಲಿ ಎಂದು ಬೇಕೆಂದೇ ಪಿಯಾನೋದ ತಂತಿಗಳ ನಡುವೆ ಬೋಲ್ಟು, ವಾಷರು, ರಬ್ಬರ್ ಚೂರು ಸಿಕ್ಕಿಸಿದ್ದೆ. ಸಂತೆಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಮನೆಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಅಷ್ಟನ್ನೂ ಕಿತ್ತು, ಡೀಸೆಲ್‌ನಲ್ಲಿ ತೊಳೆದು, ತಟ್ಟೆಯಲ್ಲಿ ಜೋಡಿಸಿಟ್ಟಿದ್ದ. ಕರೆಸಿದ್ದು ನನ್ನ ಹೆಂಡತಿ.

“ಇಷ್ಟೆಲ್ಲ ಒಳಗೆ ಬಿದ್ದಿದ್ವು ನೋಡ್ರಿ ಸಾರ್. ಗರಗರ ಅನ್ನದೆ ಇನ್ನೇನ್ ಮಾಡೀತು?”

ಹೆಂಡತಿ ಅವನಿಗೆ ಚಹಾ ಕೊಟ್ಟಳು. ನನಗೆ ಕೊಡಲಿಲ್ಲ.

ಕಾಯುವುದು

ಮನುಷ್ಯ ಬದುಕೆಲ್ಲ ಕಾಯುತ್ತಲೇ ಇರುತ್ತಾನೆ ಎಂಬ ವಿಚಾರ ಹೊಳೆದು, ಒಂದೇ ಸ್ವರವನ್ನು ಟಣ್ ಟಣ್ ಎಂದು ಬಾರಿಸುತ್ತ ಕೂತಿದ್ದೆ. ಅಂಜನಾಪುರದಿಂದ ಬಂದಿದ್ದ ಸೋದರಮಾವ ತುಂಬಾ ಹೊತ್ತು ತಡೆದುಕೊಂಡ.

“ಉಳಿದವೆಲ್ಲ ಕೆಟ್ಟೋಗ್ಯಾವೇನಪ್ಪಾ?”

“ಇಲ್ಲ ಮಾವ, ಇದು ಕಾಯೋದರ ಬಗ್ಗೆ.”

“ಕಾಲುವೆಗೆ ನೀರು ಬಿಡ್ಲಿ ಅಂತ ನಾವೂ ಕಾಯ್ತೀವಿ. ಆದ್ರೆ ಸುಮ್ಕೆ ಕಾಯ್ತೀವಿ!”

ಸೊರಬದಲ್ಲಿ ಬಯಲು

‘ಬಯಲು’ ನನ್ನ ಮೆಚ್ಚಿನ ಕೃತಿ. ನಾದವೆಲ್ಲ ಕರಗಿ ಕೊನೆಗೆ ಉಳಿಯುವುದು ದೀರ್ಘ ಮೌನ. ಆ ಮೌನವೇ ಅದರ ಜೀವ. ಆದರೆ ನಮ್ಮ ಕಡೆ ವೇದಿಕೆಯಲ್ಲಿ ಕೈ ನಿಂತರೆ ಸಾಕು, ಶಾಲು ಹಿಡಿದು ಓಡಿ ಬರುತ್ತಾರೆ. ಒಮ್ಮೆಯೂ ಅದು ಮುಗಿದಿರಲಿಲ್ಲ.

ಹಾಗಾಗಿ ಸೊರಬದಲ್ಲಿ ಸಂಘಟಕರ ಕೈಹಿಡಿದು ಬೇಡಿಕೊಂಡೆ. ಅವರು ಮೈಕಿನಲ್ಲಿ ಗಂಭೀರವಾಗಿ ಹೇಳಿದರು: “ಕೊನೆಗೆ ಎಲ್ಲರೂ ದಯವಿಟ್ಟು ಮೌನ ಆಚರಿಸಬೇಕು.”

ನುಡಿಸಿದೆ. ಕೈ ನಿಲ್ಲಿಸಿದೆ. ಮುಂದಿನ ಸಾಲಿನ ಹಿರಿಯರೊಬ್ಬರು ಮೆಲ್ಲಗೆ ಎದ್ದು ತಲೆ ಬಗ್ಗಿಸಿ ನಿಂತರು. ಅವರ ಹಿಂದೆ ಇಡೀ ಸಭೆ ಎದ್ದಿತು. ಒಬ್ಬರೂ ಕೆಮ್ಮಲಿಲ್ಲ. ಕೊನೆಗೂ ನನ್ನ ಬಯಲು ಪೂರ್ತಿಯಾಯಿತು! ಎಂಥ ರಸಿಕರು ಎಂದು ನನಗೆ ಅಳುವೇ ಬಂತು.

ನನ್ನ ಕಣ್ಣೀರು ಕಂಡು ಹಿರಿಯರು ವೇದಿಕೆ ಹತ್ತಿ ಬಂದು ಹೆಗಲ ಮೇಲೆ ಕೈಯಿಟ್ಟರು.

“ಧೈರ್ಯ ತಗಳಿ ಮಾರಾಯ್ರೆ. ತೀರ್ಕಂಡಿದ್ದು ಯಾರು?”

“ಯಾರೂ ಇಲ್ಲ…”

ಅವರು ನನ್ನನ್ನೊಮ್ಮೆ ನೋಡಿ, ಸಭೆಯತ್ತ ತಿರುಗಿದರು. “ಯಾರೂ ಸತ್ತಿಲ್ಲಂತೆ, ಎಲ್ಲಾ ಕೂತ್ಕಳಿ!”

ಆ ಸಂಜೆಯ ಮೊದಲ ಚಪ್ಪಾಳೆ ಬಿದ್ದದ್ದು ಆಗ.