ಅಯ್ಯನವರ ಲೈಸೆನ್ಸ್

ಅಂಗಡಿಯಲ್ಲಿ ಮಾಲೀಕ ನಾನೊಬ್ಬನೇ. ನಮ್ಮ ಸಭೆಯಲ್ಲಿ ಎಲ್ಲರೂ ಮಾಲೀಕರು. ಹಾಗಾಗಿ ನಗಲಿಕ್ಕೆ ಏನಾದರೊಂದು ಸಿಗದ ಶುಕ್ರವಾರವೇ ಇಲ್ಲ; ಇಲ್ಲಿ ರಜೆಯೂ ಆರಾಧನೆಯೂ ಅಂದೇ. ಮಸ್ಕತ್‌ನ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಗೆ ಮೇಲೆ ಬಿಷಪ್ ಇಲ್ಲ. ಕಿಟಕಿ ಪರದೆಯ ಬಣ್ಣದಿಂದ ಹಿಡಿದು ಪಾಸ್ಟರ್ ಇರಬೇಕೋ ಹೋಗಬೇಕೋ ಎಂಬುದರವರೆಗೆ ಎಲ್ಲವೂ ಕೈ ಎತ್ತಿ ತೀರ್ಮಾನ. ಕೈ ಎಣಿಸುವ ಕಾರ್ಯದರ್ಶಿ ನಾನು.

ಸವಾರಿ

ಉಡುಪಿ ಕಡೆಯಿಂದ ಬಂದ ಹೊಸ ಪಾಸ್ಟರಿಗೆ, ನಮ್ಮ ಬಾಯಲ್ಲಿ ಅಯ್ಯನವರಿಗೆ, ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ಮನೆಭೇಟಿಗೆ ನಾವೇ ಸರದಿಯಂತೆ ಕರೆದೊಯ್ಯಬೇಕು. ಕಾರು ಹತ್ತಿದರೆ ಸಾಕು, ಅವರ ಬಾಯಲ್ಲಿ ಬರುವ ಶುಕ್ರವಾರದ ಪ್ರಸಂಗದ ಅಭ್ಯಾಸ ಶುರು. ಅಲ್ ಹೈಲ್‌ನಿಂದ ಅಜೈಬಾಕ್ಕೆ ಬುಧವಾರ ಅವರನ್ನು ಕರೆದೊಯ್ದ ಅಕೌಂಟೆಂಟ್ ಒಬ್ಬರು ಆ ಶುಕ್ರವಾರ ಆರಾಧನೆಗೆ ಬರಲಿಲ್ಲ. ಫೋನ್ ಮಾಡಿ ಕೇಳಿದೆ.

"ನಂದು ಬುಧವಾರವೇ ಆಗಿದೆ ಮಾರಾಯ್ರೆ, ಆಶೀರ್ವಾದ ಸಮೇತ."

ಡ್ರಮ್ಮು

ಮುಂದಿನ ಶುಕ್ರವಾರ ಆರಾಧನೆ ಮುಗಿದ ಮೇಲೆ ಇದೇ ಅಕೌಂಟೆಂಟ್ ಎದ್ದು ನಿಂತು, ವಾರ್ಷಿಕ ಸಭೆಗೆ ಮುಂಚೆ ಲೈಸೆನ್ಸ್ ಆಗದಿದ್ದರೆ ಅಯ್ಯನವರನ್ನು ಊರಿಗೆ ಕಳಿಸುವುದೆಂದು ಸೂಚಿಸಿದರು. ಕೈಗಳು ಎದ್ದವು. ಮಕ್ಕಳನ್ನು ಆಗಷ್ಟೇ ಇಲ್ಲಿನ ಶಾಲೆಗೆ ಸೇರಿಸಿದ್ದ ಅಯ್ಯನವರ ಮುಖ ಬಾಡಿತು.

ಇಲ್ಲಿ ಮೊದಲ ಪರೀಕ್ಷೆಯೇ ಡ್ರಮ್ಮುಗಳ ನಡುವೆ ಕಾರನ್ನು ಎಲ್ಲೂ ತಾಗಿಸದೆ ಹಿಂದಕ್ಕೆ ತೆಗೆಯುವುದು. ಸಭೆಯೆಲ್ಲ ಮೊಣಕಾಲೂರಿ ಪ್ರಾರ್ಥಿಸಿತು. ಅವರು ಡ್ರಮ್ಮು ಬೀಳಿಸಿ ಬಂದರು. ಮತ್ತೆ ಪ್ರಾರ್ಥಿಸಿದೆವು, ಮತ್ತೆ ಬೀಳಿಸಿದರು.

"ರಿವರ್ಸ್ ತೆಗೆಯುವಾಗ ಎಲ್ಲಿ ನೋಡ್ತೀರಿ ಅಯ್ಯನವರೇ?" ಎಂದೆ.

"ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತೇನೆ."

"ಆ ಕೆಲಸ ನಾವು ನೋಡಿಕೊಳ್ತೇವೆ. ನೀವು ಕನ್ನಡಿ ನೋಡಿ."

ಮುಂದಿನ ಸಲ ಪಾಸಾದರು.

ಗಂಜಿ

ಮೊದಲೆಲ್ಲ ಕರೆದೊಯ್ಯುವವರು "ಅಯ್ಯನವರು ಹೊರಟರು" ಎಂದು ಮುಂಚೆ ಫೋನ್ ಮಾಡುತ್ತಿದ್ದರು. ಟಿವಿ ಆರಿಸಿ ಬೈಬಲ್ಲನ್ನು ಮೇಜಿನ ಮೇಲಿಡಲು ಮನೆಯವರಿಗೆ ಸಮಯ ಸಿಗುತ್ತಿತ್ತು. ಈಗ ನೇರ ಕಾಲಿಂಗ್ ಬೆಲ್ಲೇ.

ಅಕೌಂಟೆಂಟ್ ಹೊಟ್ಟೆ ಸರಿ ಇಲ್ಲವೆಂದು ಬೈಬಲ್ ಅಧ್ಯಯನಕ್ಕೆ ತಪ್ಪಿಸಿಕೊಂಡರು. ಅಯ್ಯನವರು ಗಂಜಿ ತುಂಬಿಸಿಕೊಂಡು, ನನ್ನನ್ನೂ ಹತ್ತಿಸಿಕೊಂಡು ಅವರ ಮನೆಗೆ ಹೋದರು. ರೋಗಿಯ ಮುಂದೆ ಮಟನ್ ಬಿರಿಯಾನಿ. ಅಯ್ಯನವರು ಗಂಜಿಯನ್ನು ಮೇಜಿನ ಮೇಲಿಟ್ಟರು. ತಲೆಯ ಮೇಲೆ ಕೈಯಿಟ್ಟು ದೀರ್ಘವಾಗಿ ಪ್ರಾರ್ಥಿಸಿ, ಆಮೆನ್ ಎಂದು ಕಣ್ಣು ಬಿಟ್ಟರು.

"ಈ ಬಿರಿಯಾನಿ ನಿಮ್ಮ ಹೊಟ್ಟೆಗೆ ಆಗುವುದಿಲ್ಲ. ನಾವಿಬ್ಬರು ಮುಗಿಸ್ತೇವೆ, ನೀವು ಗಂಜಿ ಕುಡೀರಿ."

ಬಿರಿಯಾನಿ ಚೆನ್ನಾಗಿತ್ತು.

ಕೈ ಎತ್ತಿದ್ದು

ವಾರ್ಷಿಕ ಸಭೆ ಬಂತು. ಮೊದಲು ಎದ್ದವರು ಅಕೌಂಟೆಂಟೇ. ಅಯ್ಯನವರ ಹೆಂಡತಿ ಸೆರಗು ಬಿಗಿಹಿಡಿದು ಕೂತರು.

"ಇಂಥ ಪಾಸ್ಟರ್ ನಮಗೆ ಸಿಗಲಿಕ್ಕಿಲ್ಲ, ಮುಂದುವರಿಸುವ," ಎಂದರು ಅಕೌಂಟೆಂಟ್. "ಆದರೆ ಈ ಟ್ರಾಫಿಕ್‌ನಲ್ಲಿ ಅವರು ಕಾರು ಓಡಿಸುವುದು ನೋಡಿದರೆ ಪಾಪ ಅನ್ನಿಸ್ತದೆ. ಒಬ್ಬ ಡ್ರೈವರ್ ಇಡುವ. ಸಂಬಳ ನಾನು ಕೊಡ್ತೇನೆ. ಅವನು ಹೊರಡುವ ಮುಂಚೆ ಹೋಗುವ ಮನೆಗೊಂದು ಫೋನ್ ಮಾಡಿದರೆ ಸಾಕು."

ಎಣಿಸುವ ಅಗತ್ಯವೇ ಬೀಳಲಿಲ್ಲ. ಕೆಲವರು ಎರಡೂ ಕೈ ಎತ್ತಿದ್ದರು. ಎತ್ತದೆ ಇದ್ದವರು ಅಯ್ಯನವರೊಬ್ಬರೇ. ಅವರ ಕೈ ಜೇಬಿನಲ್ಲಿತ್ತು, ಕಾರಿನ ಕೀಯನ್ನು ಗಟ್ಟಿಯಾಗಿ ಹಿಡಿದುಕೊಂಡು.