ತೆರಿಗೆ ಕಟ್ಟಲು ಕೂತ ಡ್ರೈವಿಂಗ್ ಮೇಷ್ಟ್ರು

"ಈ ವರ್ಷ ನನ್ನ ಆದಾಯ ತೆರಿಗೆಯ ವಿವರ ನಾನೇ ಸಲ್ಲಿಸ್ತೀನಿ!" ಎಂದು ಊಟದ ಮೇಜನ್ನು ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ಭಾವಮೈದನ ಮಡಿಲು ಸೇರಿತು. ಇತಿಹಾಸದ ದೊಡ್ಡ ಘೋಷಣೆಗಳೆಲ್ಲ ಯಾರನ್ನಾದರೂ ಒದ್ದೆ ಮಾಡಿಯೇ ಇರುತ್ತವೆ ಎಂದುಕೊಂಡು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಭಾವಮೈದ ಎಂದರೆ ಹೆಂಡತಿಯ ತಮ್ಮ. ವೃತ್ತಿಯಿಂದ ಆಡಿಟರ್, ಪ್ರವೃತ್ತಿಯಿಂದ ಉಪದೇಶಕ. ಪ್ರತಿ ವರ್ಷ ನನ್ನ ತೆರಿಗೆಯ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾನೆ. ಜೊತೆಗೆ ಉಳಿತಾಯ, ಶಿಸ್ತು, ಹೊಟ್ಟೆಯ ಬೊಜ್ಜು ಇವುಗಳ ಮೇಲೆ ಒಂದು ಪ್ರವಚನವನ್ನೂ ಪುಕ್ಕಟೆ ಕೊಡುತ್ತಾನೆ. ಅದನ್ನು ಕೇಳುವುದಕ್ಕಿಂತ ಜೈಲಿಗೆ ಹೋಗುವುದೇ ಮೇಲು ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದಿದೆ.

"ಭಾವ, ತೆರಿಗೆ ತುಂಬೋ ಆ ಸಾಫ್ಟ್‌ವೇರ್ ಕಾರಲ್ಲ. ನಿಮ್ಮ ಕಡೆ ಬ್ರೇಕ್ ಇರಲ್ಲ," ಎಂದ ಪ್ಯಾಂಟು ಒರೆಸಿಕೊಳ್ಳುತ್ತ.

ನಾನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದವರ ಪಕ್ಕದಲ್ಲಿ ಕೂತು, ನನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ನಂಬಿ, ಲಾರಿಗಳ ನಡುವೆ ಜೀವ ಅಂಗೈಯಲ್ಲಿ ಹಿಡಿದು ಸಾಗುವ ವೀರ. ನನಗೆ ಮೌಸು ಯಾವ ಲೆಕ್ಕ? ಆದರೆ ಒಂದು ತೊಡಕಿತ್ತು. ಕಲಿಸುವ ಲೈಸೆನ್ಸಿನ ನವೀಕರಣಕ್ಕೆ ತೆರಿಗೆ ಸಲ್ಲಿಸಿದ ರಸೀದಿ ಬೇಕು. ಇವತ್ತು ನಾಳೆ ಎಂದು ಮುಂದೂಡಿ ಮುಂದೂಡಿ ಕೊನೆಯ ದಿನವೇ ಬಂದಿತ್ತು. ಇಂದು ರಸೀದಿ ಬರದಿದ್ದರೆ ನಾಳೆಯಿಂದ ನನಗೆ ಕಾರೂ ಇಲ್ಲ, ಕೆಲಸವೂ ಇಲ್ಲ.

ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತೆ. ಸಾಫ್ಟ್‌ವೇರ್ ಮೊದಮೊದಲು ಹೊಸ ಅಳಿಯನನ್ನು ವಿಚಾರಿಸಿಕೊಳ್ಳುವಂತೆ ನಯವಾಗಿ ವಿಚಾರಿಸಿಕೊಂಡಿತು. ಹೆಸರೇನು, ಕೆಲಸವೇನು, ಸಂಬಳವೆಷ್ಟು. ಆಮೇಲೆ ಇದ್ದಕ್ಕಿದ್ದಂತೆ, "ನಿಮಗೆ ತೈಲಬಾವಿಯಿಂದ ಆದಾಯವಿದೆಯೇ?" ಎಂದಿತು. ಇಲ್ಲ ಎಂದು ಒತ್ತಲು ಹೋದ ಬೆರಳನ್ನು ಹಿಂದಕ್ಕೆಳೆದುಕೊಂಡೆ. ಸುಳ್ಳು ಹೇಳಿದರೆ ಶಿಕ್ಷೆ ಎಂದು ಕೆಳಗೇ ಬರೆದಿದ್ದರು. ನನ್ನ ತಾತ ಎಲ್ಲೆಲ್ಲಿ ಏನೇನು ಕೊಂಡಿದ್ದನೋ ಯಾರಿಗೆ ಗೊತ್ತು?

"ನಮಗೆ ಎಲ್ಲಾದ್ರೂ ತೈಲಬಾವಿ ಇದೆಯೇನೇ?" ಎಂದು ಹೆಂಡತಿಯನ್ನು ಕೂಗಿ ಕೇಳಿದೆ.

"ಇದ್ದಿದ್ರೆ ಬಾಣಲೆಗೆ ಎಣ್ಣೆ ತರೋಕೆ ನಾನ್ಯಾಕೆ ಅಂಗಡಿಗೆ ಹೋಗ್ತಿದ್ದೆ?" ಎಂದವಳೇ ದಿನಸಿ ತರಲು ಚೀಲ ಹಿಡಿದು ಹೊರಟುಹೋದಳು. ಅವಳದು ಸ್ವಂತ ಕನ್ನಡಕದ ಅಂಗಡಿ. ಹಾಗಾಗಿ ಅವಳಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ, ಮುಖ್ಯವಾಗಿ ನನ್ನ ತಪ್ಪುಗಳು.

ತೈಲಬಾವಿ ದಾಟಿ, ಕುದುರೆ ಸಾಕಣೆ ದಾಟಿ, ಹಡಗಿನ ಬಾಡಿಗೆ ದಾಟಿ ಅಂತೂ ದಡ ಸೇರಿದೆ. 'ಸಲ್ಲಿಸಿ' ಒತ್ತಿದೆ. ಪರದೆ ಕೆಂಪಾಯಿತು. "ಸ್ವೀಕರಿಸಲಾಗದು. ಈ ವ್ಯಕ್ತಿಯನ್ನು ಇನ್ನೊಬ್ಬರು ತಮ್ಮ ಅವಲಂಬಿತರೆಂದು ಈಗಾಗಲೇ ತೋರಿಸಿದ್ದಾರೆ."

ನಲವತ್ತೇಳರ ಈ ಗಂಡಸನ್ನು ತಾನು ಸಾಕುತ್ತಿದ್ದೇನೆ ಎಂದು ಯಾವನೋ ಸರ್ಕಾರಕ್ಕೆ ಬರೆದುಕೊಟ್ಟಿದ್ದಾನೆ! ಪತ್ರಿಕೆಯಲ್ಲಿ ಓದಿದ್ದೆಲ್ಲ ನೆನಪಾಯಿತು. ಗುರುತು ಕದಿಯುತ್ತಾರಂತೆ, ಆಮೇಲೆ ಖಾತೆ ಬರಿದು ಮಾಡುತ್ತಾರಂತೆ. ತಕ್ಷಣ ಬ್ಯಾಂಕಿಗೆ ಫೋನು ಮಾಡಿ ನಮ್ಮಿಬ್ಬರ ಜಂಟಿ ಖಾತೆಯ ಇದ್ದಬದ್ದ ಕಾರ್ಡುಗಳನ್ನೆಲ್ಲ ನಿಲ್ಲಿಸಿದೆ. ಬಳಿಕ ಸಾಫ್ಟ್‌ವೇರಿನ ಸಹಾಯವಾಣಿಗೆ ಫೋನು ಮಾಡಿ ಗೋಳು ತೋಡಿಕೊಂಡೆ. ಆ ಕಡೆಯ ಹುಡುಗಿ ನಿಧಾನವಾಗಿ ಹುಡುಕಿ, ಯಾರು ಅಂತ ಹೇಳುವ ಹಾಗಿಲ್ಲ ಸರ್, ಆದರೆ ಆ ವಿವರ ಬಂದಿರುವುದು ನೀವು ಈಗ ಕೂತಿರುವ ಕಂಪ್ಯೂಟರಿನಿಂದಲೇ ಎಂದಳು.

ಎಂದರೆ ಕಳ್ಳ ಮನೆಯೊಳಗೇ ಬಂದು ಹೋಗಿದ್ದಾನೆ. ಹೋಗಿದ್ದಾನೋ, ಇನ್ನೂ ಇದ್ದಾನೋ? ಪೊರಕೆ ಹಿಡಿದು ಕಿಟಕಿ ಪರದೆಗಳ ಹಿಂದೆ, ಮಂಚದ ಕೆಳಗೆ, ಬಟ್ಟೆ ಒಗೆಯುವ ಯಂತ್ರದೊಳಗೆ ಹುಡುಕಿದೆ. ಅಷ್ಟರಲ್ಲಿ ಮುಂಬಾಗಿಲು ಕಿರ್ರೆಂದಿತು. ಪೊರಕೆ ಎತ್ತಿ ನುಗ್ಗಿದೆ. ಖಾಲಿ ಚೀಲದೊಂದಿಗೆ ಹೆಂಡತಿ ನಿಂತಿದ್ದಳು.

ದಿನಸಿ ಅಂಗಡಿಯಲ್ಲಿ ಅವಳ ಕಾರ್ಡು ನಡೆಯಲಿಲ್ಲವಂತೆ. ಹಿಂದೆ ನಿಂತಿದ್ದವರೆಲ್ಲ ಇಣುಕಿ ನೋಡಿದರಂತೆ. ಬುಟ್ಟಿಯಲ್ಲಿದ್ದ ಸಾಮಾನನ್ನೆಲ್ಲ ಒಂದೊಂದಾಗಿ ವಾಪಸ್ ಇಟ್ಟು ಬಂದಳಂತೆ. ಇದನ್ನೆಲ್ಲ ಅವಳು ತಣ್ಣಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಭಯವಾಯಿತು. ಪೊರಕೆ ಕೆಳಗಿಟ್ಟು ಕಳ್ಳನ ಕಥೆ ಒಪ್ಪಿಸಿದೆ. ಅವಳು ಕೆಂಪು ಪರದೆಯನ್ನು ಓದಿ ಕುರ್ಚಿ ಎಳೆದು ಕೂತಳು.

"ಆ ಕಳ್ಳಿ ನಾನೇ ಕಣ್ರೀ. ಹೋದ ತಿಂಗಳು ಇದರಲ್ಲೇ ನನ್ನ ತೆರಿಗೆ ಕಟ್ಟಿದೆ. ಅದು, 'ನಿಮ್ಮ ನೆರವಿಲ್ಲದೆ ದಿನ ದೂಡಲಾಗದ ದೊಡ್ಡವರು ಯಾರಾದ್ರೂ ಮನೇಲಿ ಇದ್ದಾರಾ' ಅಂತ ಕೇಳ್ತು."

"ಅದಕ್ಕೆ?"

"ಆಗಷ್ಟೇ ನೀವು, ನನ್ನ ಕನ್ನಡಕ ಎಲ್ಲಿ ಅಂತ ಕೇಳಿದ್ರಿ. ಕಣ್ಣ ಮೇಲೇ ಇತ್ತು. ಸುಳ್ಳು ಬರೆದ್ರೆ ಶಿಕ್ಷೆ ಅಂತ ಬೇರೆ ಇತ್ತಲ್ಲ, ಹೌದು ಅಂತ ಒತ್ತಿದೆ."

ನನಗೆ ಅವಮಾನವಾಯಿತು, ನಿಜ. ಆದರೆ ಅದನ್ನು ಅನುಭವಿಸಲು ಪುರುಸೊತ್ತಿರಲಿಲ್ಲ, ಗಡಿಯಾರ ಓಡುತ್ತಿತ್ತು. ವಿಧಿಯಿಲ್ಲದೆ ಭಾವಮೈದನಿಗೆ ಫೋನು ಮಾಡಿದೆವು. ಅವನು ಮನಸಾರೆ ನಕ್ಕು ಮುಗಿಸಿ ಹೇಳಿದ್ದಿಷ್ಟು: ಅಕ್ಕನ ವಿವರ ತಿದ್ದಿಸಲು ವಾರಗಳೇ ಬೇಕು. ಇವತ್ತೇ ರಸೀದಿ ಬೇಕಾದರೆ ಇರುವುದು ಒಂದೇ ದಾರಿ, ನಾನು ಅವಲಂಬಿತ ಎಂದು ನಾನೇ ಒಪ್ಪಿಕೊಳ್ಳಬೇಕು.

ಒಂದು ಕಡೆ ಗಂಡಸಿನ ಮಾನ, ಇನ್ನೊಂದು ಕಡೆ ಲೈಸೆನ್ಸು. ಕಣ್ಣು ಮುಚ್ಚಿ 'ಹೌದು' ಒತ್ತಿದೆ. ಯಾರ ಅವಲಂಬಿತ ಎಂದು ಕೇಳಿತು. ಹೆಂಡತಿಯ ಹೆಸರು ಬರೆದೆ. ಕೆಂಪೆಲ್ಲ ಮಾಯವಾಗಿ ಪರದೆ ಹಸಿರಾಯಿತು. ನನ್ನ ಬೇರಾವ ಮಾತನ್ನೂ ಅದು ಇಡೀ ಮಧ್ಯಾಹ್ನದಲ್ಲಿ ಅಷ್ಟು ಸಲೀಸಾಗಿ ನಂಬಿರಲಿಲ್ಲ.

ರಸೀದಿಗೆ ಮುಂಚೆ ಕೊನೆಯದಾಗಿ ಒಂದು ಪ್ರಶ್ನೆ ಬಂತು: "ಈ ವಿವರ ತುಂಬುವಾಗ ನಿಮ್ಮನ್ನು ಸಾಕುತ್ತಿರುವ ಪೋಷಕರು ಜೊತೆಯಲ್ಲಿದ್ದಾರೆಯೇ?"

ನಾನು ತಲೆ ಎತ್ತುವ ಮೊದಲೇ ಹೆಂಡತಿ ಕೈ ಚಾಚಿ 'ಹೌದು' ಒತ್ತಿದಳು.

"ಮುಂದಿನ ವರ್ಷವೂ ಇರ್ತಾರೆ ಅಂತ ಬರೆಯೋಕೆ ಜಾಗ ಇದೆಯಾ ನೋಡಿ," ಎಂದಳು.